ಕೋಳಿ ಬಿಟ್ಟು ಗಿಡ ಕಾದ ಮಂಕರಿ

ನಾನು ಒಂದು ಮಂಕರಿ. ಕಸ ಹೊರುವ ಮಂಕರಿಯಲ್ಲ, ಕೋಳಿ ಕವುಚುವ ಮಂಕರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಮ್ಮಲ್ಲೂ ಮಾನ ಮರ್ಯಾದೆ ಅನ್ನುವುದುಂಟು. ಪಿರಿಯಾಪಟ್ಟಣದ ಮೇದರ ಮಾದಮ್ಮ ಹಸಿ ಬಿದಿರು ಸೀಳಿ ನನ್ನನ್ನು ಹೆಣೆದಳು. ಒಳಗಿರುವ ಜೀವಕ್ಕೆ ಗಾಳಿ ಆಡಲೆಂದು ಮೈತುಂಬ ಕಣ್ಣು ಬಿಟ್ಟಳು. ಅಷ್ಟು ಕಣ್ಣಿದ್ದುದರಿಂದಲೇ ನಾನು ಇಷ್ಟೆಲ್ಲ ನೋಡಿದ್ದು.

ನನ್ನನ್ನು ಕೊಂಡು ತಂದವಳು ಚಿಕ್ಕತಾಯಿ. ಅವಳ ಗಂಡ ನಿಂಗರಾಜು ಸೈಕಲ್ ಶಾಪ್ ಇಟ್ಟಿದ್ದ. ಮನೆಯ ಹಿಂದೆ ಒಂದು ಬೋಳು ಹಿತ್ತಲು, ಮೂಲೆಯಲ್ಲಿ ಒಂದು ನುಗ್ಗೆಮರ. ಅಲ್ಲಿ ಕೆಂಪಿ ಎಂಬ ಹೇಂಟೆಯದೇ ದರ್ಬಾರು. ಅವಳನ್ನು ಕಾವಿಗೆ ಕೂರಿಸಿ ಚಿಕ್ಕತಾಯಿ ನನ್ನನ್ನು ಮೇಲೆ ಕವುಚಿದಳು. ಕಲ್ಲಿನ ಹಾಗೆ ಸುಮ್ಮನೆ ಬಿದ್ದಿದ್ದ ಮೊಟ್ಟೆಯೊಳಗಿಂದ ಒಂದು ಮುಂಜಾನೆ ಕೂಗು ಕೇಳಿಸಿತು. ನಾನು ಬೆರಗಾಗಿಹೋದೆ. ಆಮೇಲೆ ಮರಿಗಳನ್ನು ಹದ್ದಿನಿಂದ ಕಾಯುವುದೇ ನನ್ನ ಉದ್ಯೋಗವಾಯಿತು. ಅವು ದೊಡ್ಡವಾಗಿ ಹಿತ್ತಲೆಲ್ಲ ಕೆದಕಿಕೊಂಡು ಓಡಾಡುವುದನ್ನು ನಾನು ಮೂಲೆಯಲ್ಲಿ ಕುಳಿತು ಹೆಮ್ಮೆಯಿಂದ ನೋಡುತ್ತಿದ್ದೆ.

ಹೀಗಿರುವಾಗ ನಿಂಗರಾಜುವಿನ ತಂಗಿ ಸುಗುಣ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ. ಇನ್ನೊಂದು ಕೈಯಲ್ಲಿ ಒದ್ದೆ ಗೋಣಿ ಸುತ್ತಿದ ಗಿಡಗಳು. ಸೇವಂತಿಗೆ ಕುಡಿ, ಕನಕಾಂಬರದ ಸಸಿ, ಗುಲಾಬಿ ಕಡ್ಡಿ. ಎಲ್ಲವೂ ಅವಳ ಗಂಡ ಕೈಯಾರೆ ಬೆಳೆಸಿದವು. ಆ ಮನೆಯಿಂದ ಅವಳು ಕೇಳಿ ತಂದದ್ದು ಅಷ್ಟೇ.

ಬಚ್ಚಲ ನೀರು ಹರಿಯುವ ಕಡೆ ಮಣ್ಣು ಸಡಿಲಿಸಿ ನೆಟ್ಟಳು. ಬುಡ ತಂಪಾಗಿರಲಿ ಎಂದು ರಾಗಿ ಹೊಟ್ಟು ತಂದು ದಪ್ಪಗೆ ಹರಡಿದಳು. ಅಯ್ಯೋ, ಆ ಹೊಟ್ಟಿನಲ್ಲಿ ಅಲ್ಲಲ್ಲಿ ರಾಗಿ ಕಾಳು ಉಳಿದಿತ್ತು! ಕೆಂಪಿಗೆ ಇದಕ್ಕಿಂತ ಹಬ್ಬ ಬೇಕೆ? ಬಂಧು ಬಳಗ ಕಟ್ಟಿಕೊಂಡು ಬಂದು ಕೆದಕಿದಳು. ಸುಗುಣ ಮತ್ತೆ ನೆಟ್ಟು, ಪಾಪ, ಮತ್ತಷ್ಟು ಹೊಟ್ಟು ಸುರಿದಳು. ಕೋಳಿಗಳಿಗೆ ತಾನೇ ಎಲೆ ಹಾಕಿ ಬಡಿಸುತ್ತಿದ್ದೇನೆಂದು ಅವಳಿಗೆ ಹೊಳೆಯಲೇ ಇಲ್ಲ. ಶಿವರಾತ್ರಿಯ ಹೊತ್ತಿಗೆ ಗುಲಾಬಿ ಹೋಯಿತು, ಕನಕಾಂಬರ ಹೋಯಿತು. ಸೇವಂತಿಗೆಯ ಒಂದೇ ಕುಡಿ ಉಳಿಯಿತು.

ಆ ಸಂಜೆ ಸುಗುಣ ಅಣ್ಣನ ಮುಂದೆ ನಿಂತಳು. "ಅಣ್ಣ, ನಾನು ನಿನ್ನ ಏನೂ ಕೇಳಿಲ್ಲ. ಈ ಸಲ ಹೊಸತೊಡಕಿಗೆ ಈ ಕೋಳೀನೆಲ್ಲ ಕುಯ್ದ್‌ಬಿಡು. ಒಂದೂ ಉಳೀಬಾರ್ದು."

ಯುಗಾದಿಯ ಮಾರನೆಯ ದಿನದ ಬಾಡೂಟಕ್ಕೆ ನಮ್ಮ ಕಡೆ ಹೊಸತೊಡಕು ಅನ್ನುತ್ತಾರೆ. ತಂಗಿಯ ಮುಖ ನೋಡಿ ನಿಂಗರಾಜು, "ಆಯ್ತು ಕಣವ್ವ" ಎಂದು ಮಾತು ಕೊಟ್ಟುಬಿಟ್ಟ. ಒಲೆಯ ಮುಂದಿದ್ದ ಚಿಕ್ಕತಾಯಿ ಸೌದೆಯನ್ನು ಜೋರಾಗಿ ಒಳಕ್ಕೆ ನೂಕಿದಳು.

ಅಲ್ಲಿಯವರೆಗೆ ಕೋಳಿಗಳನ್ನೆಲ್ಲ ನನ್ನಡಿ ತುರುಕಿದರು. ನಾನು ಕಾಯುವವನಾಗಿದ್ದೆ, ಈಗ ಜೈಲಾದೆ. ಬಿಸಿಲಿಗೆ ಅವು ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ನನಗೆ ಬಹಳ ಸಂಕಟವಾಗುತ್ತಿತ್ತು. ಮಾರನೆಯ ದಿನ ಮಧ್ಯಾಹ್ನ ಚಿಕ್ಕತಾಯಿಗೆ ತಡೆಯಲಾಗಲಿಲ್ಲ. "ಸಾಯೋದು ಹೆಂಗೂ ಸಾಯ್ತವೆ, ಇರೋಗಂಟ ನಾಕು ಹೆಜ್ಜೆ ಓಡಾಡ್ಲಿ" ಎಂದು ನನ್ನನ್ನು ಎತ್ತಿ ಬೀಸಿ ಒಗೆದಳು. ನಾನು ಉರುಳಿಕೊಂಡು ಹೋಗಿ ಬಚ್ಚಲ ಕಾಲುವೆಯ ಪಕ್ಕ ಬೋರಲು ಬಿದ್ದೆ. ಸರಿಯಾಗಿ ಆ ಸೇವಂತಿಗೆ ಕುಡಿಯ ಮೇಲೆ.

ಯಾರೂ ನನ್ನನ್ನು ಎತ್ತಲು ಬರಲಿಲ್ಲ. ಸುಗುಣ ಹಿತ್ತಲಿಗೆ ಕಾಲಿಡುವುದನ್ನೇ ಬಿಟ್ಟಳು. ನನ್ನೊಳಗೆ ಕೋಳಿ ಇದ್ದಾಗ ಹೊರಗೆ ಹೋಗಲು ಒದ್ದಾಡುತ್ತಿತ್ತು. ಈ ಕುಡಿ ಒದ್ದಾಡಲಿಲ್ಲ, ಬೆಳೆಯಿತು. ಸದ್ದಿಲ್ಲದೆ ಎಲೆ ಬಿಚ್ಚಿತು, ಮಗ್ಗುಲಲ್ಲಿ ಇನ್ನೊಂದು ಕುಡಿ ಒಡೆಯಿತು. ಹೊರಗೆ ಕೆಂಪಿ ನನ್ನ ಸುತ್ತ ಮಣ್ಣು ಸಡಿಲಿಸುತ್ತ, ಹುಳ ಹೆಕ್ಕುತ್ತ, ಗೊಬ್ಬರವನ್ನೂ ಉದುರಿಸಿ ಹೋಗುತ್ತಿದ್ದಳು. ಗಿಡಕ್ಕೆ ಬೇಕಾದ ಚಾಕರಿಯನ್ನೆಲ್ಲ ಅದರ ವೈರಿಯೇ ಮಾಡುತ್ತಿದ್ದಳು! ಇಂಥ ಸೋಜಿಗವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಯುಗಾದಿ ಹತ್ತಿರ ಬಂತೆಂದು ಸುಗುಣ ಹಿತ್ತಲು ಗುಡಿಸಲು ಬಂದಳು. ನನ್ನನ್ನು ಎತ್ತಿದವಳು ಅಲ್ಲೇ ಕುಕ್ಕರಿಸಿದಳು. ಒಂದು ಕುಡಿ ಇದ್ದದ್ದು ಪುಟ್ಟ ಪೊದೆಯಾಗಿತ್ತು. ಎಲೆ ಸವರುತ್ತ ತುಂಬ ಹೊತ್ತು ಅತ್ತಳು. ಆಮೇಲೆ ಕೂಗಿದಳು. "ಅತ್ತಿಗೆ, ಇದ್ನ ಕವುಚಿದ್ದು ನೀವಾ?"

"ಸಿಟ್ಟಲ್ಲಿ ಒಗೆದೆ ಕಣವ್ವ. ಎಲ್ಲಿ ಬಿತ್ತು ಅಂತ ನೋಡ್ಲಿಲ್ಲ."

ಸುಗುಣ ನನ್ನನ್ನು ನೋಡಿದಳು, ಗಿಡ ನೋಡಿದಳು, ಕೆಂಪಿಯನ್ನು ನೋಡಿದಳು. "ನಾವು ಕೋಳೀನ ಕವುಚಿದ್ವಿ. ಕವುಚಬೇಕಾಗಿದ್ದು ಗಿಡಾನ" ಎಂದಳು.

ಅವತ್ತಿನಿಂದ ಅತ್ತಿಗೆ ನಾದಿನಿ ಸೇರಿ ಹಿತ್ತಲನ್ನೇ ಮಗುಚಿದರು. ನನ್ನನ್ನು ಮೊದಲಿನ ಪೊದೆಯ ಮೇಲೇ ಮತ್ತೆ ಕವುಚಿದರು. ಕುಡಿ ಮುರಿದು ಬೇರೆ ಬೇರೆ ಕಡೆ ನೆಟ್ಟು, ಅವುಗಳ ಮೇಲೆ ಹಳೆ ಮಂಕರಿ, ತೂತು ಬುಟ್ಟಿ ಕವುಚಿದರು. ಬಲಿತ ಗಿಡದ ಬುಡಕ್ಕೆ ಚಪ್ಪಟೆ ಕಲ್ಲು ಜೋಡಿಸಿದರು. ಅಂಚಿಗೆ ಕೆದಕಿದರೂ ಜಗ್ಗದ ದಾಸವಾಳ, ನಿಂಬೆಹುಲ್ಲು ಇಟ್ಟರು. ಪಾತಿಗಳ ನಡುವೆ ಕೋಳಿಗೆಂದೇ ದಾರಿ ಬಿಟ್ಟರು. ರಾಗಿ ಹೊಟ್ಟನ್ನೆಲ್ಲ ಕೋಳಿ ಕೆದಕಲೆಂದು ನುಗ್ಗೆಮರದಡಿ ಸುರಿದರು, ಪಕ್ಕದಲ್ಲಿ ಹೊರಳಾಡಲು ಬೂದಿಯ ಗುಂಡಿ. ಕೆಂಪಿ ಅದರೊಳಗೆ ಮಲಗಿ ಕಣ್ಣು ಮುಚ್ಚಿದ್ದನ್ನು ನೋಡಬೇಕಿತ್ತು!

ಆದರೆ ಕೊಟ್ಟ ಮಾತು ಹಾಗೇ ಇತ್ತು. ಹೊಸತೊಡಕಿನ ಬೆಳಿಗ್ಗೆ ನಿಂಗರಾಜು ಚಾಕು ಮಸೆದುಕೊಂಡು ಹಿತ್ತಲಿಗೆ ಬಂದ. ಚಿಕ್ಕತಾಯಿ ಒಳಗೇ ಉಳಿದಳು. ಪಾತಿಯ ಮುಂದೆ ಸುಗುಣ ನಿಂತಿದ್ದಳು.

"ಬೇಡ ಅಣ್ಣ."

"ಮಾತು ಕೊಟ್ಟಿದ್ದೀನಲ್ಲವ್ವ. ನೆಂಟ್ರಿಗೂ ಹೇಳ್ಬಿಟ್ಟಿದ್ದೀನಿ."

"ಈಸ್ಕೊಂಡೋಳು ನಾನೇ ತಾನೆ? ವಾಪಸ್ ತಗೋ. ಇವು ನನ್ನ ತೋಟದಲ್ಲಿ ಕೆಲ್ಸ ಮಾಡ್ತಾವೆ. ಕೆಲ್ಸದೋರ್ನ ಯಾರಾದ್ರೂ ಕುಯ್ತಾರಾ?"

ನಿಂಗರಾಜು ಆಗ ಹಿತ್ತಲನ್ನು ಕಣ್ಣು ಬಿಟ್ಟು ನೋಡಿದ. ನಿಂಬೆಹುಲ್ಲಿನ ಮರೆಯಲ್ಲಿ ಕೆಂಪಿಯ ಬಾಲ ಮಾತ್ರ ಕಾಣುತ್ತಿತ್ತು. ಕೊನೆಗೆ ಚಾಕು ಒಳಗಿಟ್ಟು, ಚೀಲ ಹಿಡಿದು, ಊರೆಲ್ಲ ನಿಂತಿದ್ದ ಮಟನ್ ಅಂಗಡಿಯ ಸಾಲಿನ ಬಾಲಕ್ಕೆ ಹೋಗಿ ನಿಂತನಂತೆ. ಒಳಗೆ ಚಿಕ್ಕತಾಯಿ ಮಸಾಲೆ ಅರೆಯುವ ಸದ್ದು ಕೇಳಿಸಿತು.

ಈಗ ನನಗೆ ವಯಸ್ಸಾಯಿತು. ಬಾಯಂಚು ಬಿಚ್ಚಿದೆ, ಒಂದು ಮಗ್ಗುಲು ಹರಿದಿದೆ. ನನ್ನ ಕಣ್ಣುಗಳೊಳಗಿಂದ ಸೇವಂತಿಗೆ ತೂರಿ ಹೊರಗೆ ಹೂಬಿಟ್ಟಿದೆ. ಎತ್ತಿದರೆ ಗಿಡ ಮುರಿದೀತೆಂದು ಯಾರೂ ಎತ್ತುವುದಿಲ್ಲ. ಕೆಂಪಿ ಈಗಿಲ್ಲ, ಮುದಿಯಾಗಿ ನುಗ್ಗೆಮರದಡಿಯೇ ಕಣ್ಣು ಮುಚ್ಚಿದಳು. ಅವಳ ಮಗಳು ಹರಿದ ಮಗ್ಗುಲಿನಿಂದ ನುಸುಳಿ ಬಂದು, ಗಿಡದ ಬುಡದಲ್ಲಿ ಮೊಟ್ಟೆಯಿಟ್ಟು ಕಾವಿಗೆ ಕೂತಿದ್ದಾಳೆ. ಬರೀ ಬಿದಿರಿನ ಸೀಳುಗಳು ನಾನು, ನನ್ನೊಳಗೆ ಹೂವೂ ಹಕ್ಕಿಯೂ ಒಟ್ಟಿಗೆ ಇವೆ ಅಂದರೆ ಈಗಲೂ ನಂಬಿಕೆ ಬರುವುದಿಲ್ಲ.

ಇವತ್ತು ಬೆಳಿಗ್ಗೆ ಸುಗುಣ ಹೂ ಬಿಡಿಸಲು ಬಂದವಳು ತಟ್ಟನೆ ನಿಂತಳು. ಬಗ್ಗಿ, ನನ್ನ ಮೈಗೆ ಕಿವಿ ಹಚ್ಚಿದಳು. ಒಂದೂ ಉಳಿಯಬಾರದು ಅಂದಿದ್ದ ಅದೇ ಬಾಯಿ ಪಿಸುಗುಟ್ಟಿತು.

"ಅತ್ತಿಗೆ, ಮೆಲ್ಲಗೆ ಬನ್ನಿ. ಮೊಟ್ಟೆಯೊಳಗೆ ಮರಿ ಕೂಗ್ತಾ ಇದೆ."