ಸಗಡಿ ಇಟ್ಟ ಕೋಣೆ

ವಡೋದರಾದ ಚಳಿ ಬಾಣಂತಿ ಮಗಳು ಸಂಹಿತಾಳಿಗೆ ಸೋಕಬಾರದೆಂದು ಸುಲೋಚನಮ್ಮ ಇದ್ದಿಲ ಸಗಡಿಯ ಹಳೆಯ ಬೂದಿ ತೆಗೆದು, ಕೆಂಡ ಮಾಡಿ ಕೋಣೆಯೊಳಗಿಟ್ಟರು. ಕಿಟಕಿಯ ಸಂದಿಗೆಲ್ಲ ಹಳೆಯ ಸೀರೆ ತುರುಕಿದರು.

ಸ್ವಲ್ಪ ಹೊತ್ತಿಗೆ ಸಂಹಿತಾ, "ಅಮ್ಮಾ, ತಲೆ ಸಿಡೀತಿದೆ," ಎಂದಳು. ಮಗುವಿಗೆ ಎಣ್ಣೆ ಹಚ್ಚಲು ಬಂದ ಮಂಜುಳಾಬೆನ್ ಸೀರೆ ಕಿತ್ತು ಕಿಟಕಿ ತೆರೆದಳು, ತಾಯಿಮಗುವನ್ನು ಹಜಾರಕ್ಕೆ ಕರೆತಂದಳು, ಸಗಡಿಯನ್ನು ಬಾಲ್ಕನಿಗೆ ಒಯ್ದಳು. ಮಗು ಗಟ್ಟಿಯಾಗಿ ಅತ್ತಾಗ ಸುಲೋಚನಮ್ಮನಿಗೆ ಹೋದ ಜೀವ ಬಂದಂತಾಯಿತು.

ಗಾಬರಿಯಿಂದ ಓಡಿಬಂದ ಅಳಿಯನಿಗೆ ಮಂಜುಳಾಬೆನ್, "ಕುಛ್ ನಹೀ, ಭಾಯ್," ಎಂದು ನಕ್ಕು, ಕೆಂಡದ ಕಾವು ತನಗೇ ಆಗದೆ ಸಗಡಿಯನ್ನು ಹೊರಗಿಟ್ಟೆನೆಂದಳು.

ಆ ಕರುಣೆಯ ಮರೆಯಲ್ಲಿ ನಿಲ್ಲಲು ಸುಲೋಚನಮ್ಮನಿಗೆ ನಾಚಿಕೆಯಾಯಿತು.

"ಇಲ್ಲಪ್ಪ, ತಪ್ಪು ನಂದು," ಎಂದರು ತಲೆಯೆತ್ತದೆ. "ಮುಚ್ಚಿದ ಕೋಣೇಲಿ ಕೆಂಡ ವಿಷ ಕಾರತ್ತೆ ಅಂತ ಮೂವತ್ತು ವರ್ಷ ಕಾಲೇಜಲ್ಲಿ ಪಾಠ ಹೇಳಿದೋಳು ನಾನು."