ತೆಳು ಅಕ್ಷರದ ಜೋಡಿ

ಮೂರು ವರ್ಷ ಕೂತು ಅಕ್ಷರಗಳನ್ನು ಬರೆದವಳು ಮೀರಿಮ್. ಅವಕ್ಕೆ ಬೆಟ್ಟದ ಅರ್ಚಾ ಮರದ ಹೆಸರಿಟ್ಟವರು ಉಲ್ಕಾನ್ ಎಜೆ. ಕಿರ್ಗಿಜ್ ರಾಜಧಾನಿ ಬಿಷ್ಕೆಕ್‌ನ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ ಫಾಂಟ್ ಮಾಡುವ ಎರಡು ಕೋಣೆಯ ಕಚೇರಿ ಅವರದು. ಮೀರಿಮ್‌ಗೆ ಗೆರೆ ಎಳೆಯುವುದನ್ನು ಕಲಿಸಿದವರೂ ಅವರೇ. ಊರಲ್ಲಿ ತಮಗಿಂತ ದೊಡ್ಡ ಹೆಂಗಸರನ್ನೆಲ್ಲ ಎಜೆ, ಅಂದರೆ ಅಕ್ಕ, ಎನ್ನುತ್ತಾರೆ. ಮೀರಿಮ್ ಮಾತ್ರ ಆ ಮಾತನ್ನು ಒಡಹುಟ್ಟಿದ ಅಕ್ಕನಿಗೆ ಅನ್ನುವ ಹಾಗೆಯೇ ಅನ್ನುತ್ತಿದ್ದಳು.

ಅರ್ಚಾದಲ್ಲಿ ಆರು ತೂಕದ ಅಕ್ಷರಗಳಿದ್ದವು: ತೆಳು, ಸಾದಾ, ಮಧ್ಯಮ, ಅರೆದಪ್ಪ, ದಪ್ಪ, ಕಡುದಪ್ಪ. ಒಂದನೆಯ ತರಗತಿಯ ಹೊಸ ಅಕ್ಷರಪುಸ್ತಕ ಅದರಲ್ಲೇ ಅಚ್ಚಾಗುವುದಿತ್ತು. ಪುಸ್ತಕದ ಕೊನೆಯ ಪುಟದಲ್ಲಿ ಸಂಪಾದಕರು, ಕರಡು ತಿದ್ದಿದವರು, ಚಿತ್ರ ಬರೆದವರು ಎಂದು ಸಣ್ಣ ಅಕ್ಷರದಲ್ಲಿ ಹೆಸರುಗಳಿರುತ್ತವಲ್ಲ, ಚಿಕ್ಕಂದಿನಲ್ಲಿ ಮೀರಿಮ್ ಯಾವ ಪುಸ್ತಕ ಸಿಕ್ಕರೂ ಮೊದಲು ಆ ಪುಟವನ್ನೇ ಓದುತ್ತಿದ್ದಳು. ಅಕ್ಷರಪುಸ್ತಕದ ಆ ಪುಟದಲ್ಲಿ ಅವಳ ಹೆಸರು ಬರುತ್ತದೆಂದು ಎಜೆ ಮಾತು ಕೊಟ್ಟಿದ್ದರು. ನಿನ್ನದೇ ಮೊದಲು, ನನ್ನದು ಆಮೇಲೆ, ಎಂದೂ ಹೇಳಿದ್ದರು. ಅವತ್ತು ಮೀರಿಮ್ ಚಹಾದ ಬಟ್ಟಲು ತೊಳೆಯಲು ಎದ್ದು ಹೋಗಿದ್ದಳು.

ಬರೆಯುವುದು ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ, ಕಂಪ್ಯೂಟರಿಗೆ ಗೊತ್ತಾಗುವ ಹಾಗೆ ಒಂದೊಂದು ತೂಕಕ್ಕೂ ಹೆಸರು ಹಾಕುವುದು. ಶಾಲೆಯ ಹಳೆಯ ಕಂಪ್ಯೂಟರುಗಳು ಒಂದು ಹೆಸರಿನ ಕೆಳಗೆ ನಾಲ್ಕನ್ನೇ ಸೇರಿಸಿಕೊಳ್ಳುತ್ತವೆ: ಸಾದಾ, ಓರೆ, ದಪ್ಪ, ಓರೆದಪ್ಪ. ಐದನೆಯದು ಬಂದರೆ ಅದಕ್ಕೆ ಬೇರೆ ಮನೆಯನ್ನೇ ಮಾಡಿ, ಅಕ್ಷರ ದಪ್ಪ ಮಾಡುವ ಬಿ ಗುಂಡಿ ಒತ್ತಿದಾಗ ಅದರ ಬದಲಿಗೆ ಯಾರು ಬರಬೇಕು ಎಂದು ಜೋಡಿ ಗೊತ್ತುಮಾಡಬೇಕು. ಮೀರಿಮ್ ತೆಳುವಿಗೆ ಅರೆದಪ್ಪವನ್ನು ಜೋಡಿ ಮಾಡಿದ್ದಳು. ದಪ್ಪವನ್ನೇ ತಂದರೆ ಪುಟ್ಟ ಮಕ್ಕಳ ಕಣ್ಣಿಗೆ ಹೊಡೆದ ಹಾಗಾಗುತ್ತದೆ ಎಂದು. ಆದರೆ ಆ ನಾಲ್ಕು ಜಾಗಗಳ ಹೆಸರು ಇಂಗ್ಲಿಷಿನಲ್ಲಿ ಇದ್ದ ಹಾಗೆಯೇ ಇರಬೇಕು. ಇಲ್ಲದಿದ್ದರೆ ಕಂಪ್ಯೂಟರಿಗೆ ಜೋಡಿ ಸಿಗದೆ, ತೆಳುವಿಗೆ ತಾನೇ ಮಸಿ ಮೆತ್ತಿ ದಪ್ಪ ಮಾಡಿಬಿಡುತ್ತದೆ.

ಪಠ್ಯಪುಸ್ತಕ ಸಮಿತಿಯವರಿಗೆ ಎಲ್ಲವೂ ಕಿರ್ಗಿಜ್ ಭಾಷೆಯಲ್ಲೇ ಕಾಣಬೇಕೆಂಬ ಹಟ. ಅದಕ್ಕಾಗಿ ಮೀರಿಮ್ ಹೊಸ ಕಂಪ್ಯೂಟರುಗಳು ಓದುವ ಜಾಗದಲ್ಲಿ ಕಿರ್ಗಿಜ್ ಹೆಸರುಗಳನ್ನು ಹಾಕಿ, ಹಳೆಯವು ಓದುವ ಜಾಗವನ್ನು ಮುಟ್ಟದೆ ಬಿಟ್ಟಿದ್ದಳು. ಅದನ್ನು ಮುಟ್ಟಬೇಡಿ ಎಂದು ಚೀಟಿ ಬರೆದು ಎಜೆಯ ಕಂಪ್ಯೂಟರಿನ ಪರದೆಗೆ ಅಂಟಿಸಿಯೂ ಇದ್ದಳು. ಬಾಯಲ್ಲಿ ಹೇಳಲು ಸಂಕೋಚವಾದದ್ದನ್ನೆಲ್ಲ ಅವಳು ಚೀಟಿಯಲ್ಲೇ ಬರೆಯುವುದು.

ಮಂಗಳವಾರ ಬೆಳಿಗ್ಗೆ ಸಮಿತಿಯ ಮುಂದೆ ಅರ್ಚಾವನ್ನು ತೋರಿಸಿದರು. ಐದು ಜನ ಶಿಕ್ಷಕಿಯರು, ಅಣ್ಣ ಎಂಬ ಗೌರವದಲ್ಲಿ ಎಲ್ಲರೂ ಬಾಯ್ಕೆ ಎನ್ನುವ ಪ್ರಕಾಶನದ ಸಂಪಾದಕ ಕಚ್ಕಿನ್, ಮೇಜಿನ ಮೇಲೆ ಚಹಾ ಮತ್ತು ಕರಿದ ಹಿಟ್ಟಿನ ಬೋರ್ಸೋಕ್. ಶಾಲೆಯಿಂದ ತಂದ ಹಳೆಯ ಕಂಪ್ಯೂಟರಿನ ಫಾಂಟ್ ಪಟ್ಟಿಯಲ್ಲಿ ಎಲ್ಲವೂ ಕಿರ್ಗಿಜ್‌ನಲ್ಲೇ ಕಂಡಾಗ ಎಲ್ಲರೂ ತಲೆದೂಗಿದರು. ಒಬ್ಬ ಶಿಕ್ಷಕಿ ತೆಳು ಅಕ್ಷರದಲ್ಲಿ ಒಂದು ಸಾಲು ಬರೆದು ಬಿ ಗುಂಡಿ ಒತ್ತಿದರು.

ಸಾಲು ಊದಿಕೊಂಡಿತು. ‘ө’ದ ಹೊಟ್ಟೆಯ ಗೆರೆ ಹೂತುಹೋಯಿತು. ‘ң’ದ ಬಾಲ ಕಾಲಿಗೆ ಅಂಟಿಕೊಂಡಿತು. ಕೆಸರಲ್ಲಿ ಬಿದ್ದೆದ್ದ ಹಾಗಿದೆಯಲ್ಲ ಎಂದು ಆ ಶಿಕ್ಷಕಿ ನಕ್ಕರು. ಮೀರಿಮ್‌ಗೆ ಕಿವಿಯವರೆಗೂ ಬಿಸಿಯೇರಿತು. ಎಜೆಯ ಮುಖ ನೋಡಿದಳು. ಎಜೆ ಬಟ್ಟಲನ್ನು ಕೆಳಗಿಟ್ಟು, ಬಲು ಮೃದುವಾಗಿ ಹೇಳಿದರು:

“ಹುಡುಗಿ ಹೊಸಬಳು, ತಪ್ಪು ತಿಳ್ಕೋಬೇಡಿ. ಹೆಸರು ಹಾಕೋ ಕೆಲಸನ ಅವಳ ಕೈಗೆ ಕೊಟ್ಟಿದ್ದು ನನ್ನದೇ ತಪ್ಪು. ನಾನೇ ಕೂತು ಸರಿಮಾಡ್ತೀನಿ.”

ಎಲ್ಲರೂ ಮೀರಿಮ್‌ಳನ್ನು ಕನಿಕರದಿಂದ ನೋಡಿದರು. ಅವಳು ತಲೆ ತಗ್ಗಿಸಿದಳು. ಒಪ್ಪಿಕೊಂಡ ಹಾಗೆ ಕಾಣುತ್ತದೆ ಎಂದು ಗೊತ್ತಿದ್ದೂ ಕತ್ತು ಮೇಲೇಳಲಿಲ್ಲ.

ಮಧ್ಯಾಹ್ನ ಫೈಲು ತೆರೆದಳು. ಅವತ್ತು ಬೆಳಿಗ್ಗೆ ಎಂಟೂಕಾಲಿಗೆ, ಎಜೆಯ ಕಂಪ್ಯೂಟರಿನಿಂದ, ಆರು ತೂಕಗಳಲ್ಲೂ ಮುಟ್ಟಬಾರದ ಜಾಗಕ್ಕೆ ಕಿರ್ಗಿಜ್ ಮಾತುಗಳು ಬಿದ್ದಿದ್ದವು. ಚೀಟಿ ಇನ್ನೂ ಪರದೆಯ ಅಂಚಿನಲ್ಲೇ ಇತ್ತು. ಮುಟ್ಟಿದ್ದು ಎಜೆಯೇ. ಸಮಿತಿಯವರನ್ನು ಮೆಚ್ಚಿಸುವ ಅವಸರ, ಆಮೇಲೆ ಅಷ್ಟು ಜನರೆದುರು ಹೆದರಿಕೆ. ಹೆದರಿದಾಗ ಯಾರ ಬಾಯಲ್ಲಿ ಏನು ಬರುತ್ತದೋ. ಹೀಗೆ ಎಜೆಯ ಪರವಾಗಿ ತಾನೇ ವಾದ ಮಾಡುತ್ತ, ಒಂದು ಗಂಟೆಯಲ್ಲಿ ಎಲ್ಲವನ್ನೂ ಸರಿಮಾಡಿದಳು. ಗುಂಡಿ ಒತ್ತಿ ನೋಡಿದಳು. ತೆಳು ಹೋಗಿ ಅರೆದಪ್ಪ ಬಂತು, ಗೆರೆಗೆ ಗೆರೆ ಕೂಡಿಕೊಂಡು. ಮನಸ್ಸು ಹಗುರಾಯಿತು.

ಬುಧವಾರ ಸರಿಯಾದ ಫೈಲನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ತಾನೇ ಪ್ರಕಾಶನಕ್ಕೆ ಹೋದಳು. ಕಚ್ಕಿನ್ ಬಾಯ್ಕೆ ಕನ್ನಡಕವನ್ನು ಹಣೆಗೇರಿಸಿ ಕರಡು ನೋಡುತ್ತಿದ್ದರು. ಬಾ ಮಗಳೇ, ಕೆಸರು ತೊಳೆದ್ಯಾ ಎಂದು ಕೀಟಲೆ ಮಾಡಿ, ಕುರ್ಚಿಯ ಮೇಲಿನ ಕಾಗದಗಳನ್ನು ಸರಿಸಿ ಕೂರಿಸಿದರು. ಹಾಗೆ ಸರಿಸಿದ ಕಾಗದಗಳ ಮೇಲ್ಗಡೆಯೇ ಅಕ್ಷರಪುಸ್ತಕದ ಕೊನೆಯ ಪುಟವಿತ್ತು. ಅಭ್ಯಾಸಬಲ, ಅವಳ ಕಣ್ಣು ಅಲ್ಲಿಗೇ ಹೋಯಿತು.

ಅಕ್ಷರ ರೂಪಿಸಿದವರು: ಉಲ್ಕಾನ್ ಸದಿರೋವ್ನಾ. ಅದು ಎಜೆಯ ಕಾಗದಪತ್ರದ ಹೆಸರು, ಅದರ ಹಿಂದೆ ಮುಂದೆ ಬೇರೆ ಯಾವ ಹೆಸರೂ ಇರಲಿಲ್ಲ. ಕೆಳಗೆ ಎಜೆಯ ಸಹಿ, ಪಕ್ಕದಲ್ಲಿ ತಾರೀಖು. ಮೂರು ವಾರದ ಹಿಂದಿನದು.

ಮೂರು ವಾರದ ಹಿಂದೆ ಸಮಿತಿ ಸೇರಿರಲಿಲ್ಲ, ಯಾವ ಅಕ್ಷರವೂ ಊದಿರಲಿಲ್ಲ. ಆ ವಾರವೇ ಎಜೆ ಅವಳ ಹುಟ್ಟುಹಬ್ಬಕ್ಕೆ ಬಿಸಿಬಿಸಿ ಮಾಂಸದ ಸಂಸಾ ತರಿಸಿ, ನನ್ನ ತಂಗಿ ಎಂದು ಎಲ್ಲರೆದುರು ಅಪ್ಪಿಕೊಂಡಿದ್ದರು. ನಿನ್ನೆಯಿಂದ ಎಜೆಗೋಸ್ಕರ ಹೂಡಿದ ವಾದವೆಲ್ಲ ಮೀರಿಮ್‌ಳ ಒಳಗೆ ಕುಸಿದು ಕೂತಿತು. ಈ ಪುಟವನ್ನು ಬದಲಿಸಬಹುದೇ ಎಂದು ಕೇಳಿದಳು. ಶುಕ್ರವಾರದವರೆಗೆ ಬದಲಿಸಬಹುದು, ಆದರೆ ಅದಕ್ಕೆ ನಿಮ್ಮ ಎಜೆಯ ಸಹಿಯೇ ಬೇಕು ಎಂದರು ಬಾಯ್ಕೆ. ಅವಳ ಮುಖ ನೋಡಿ ಕನ್ನಡಕವನ್ನು ಮೂಗಿಗಿಳಿಸಿದರು. ಮೀರಿಮ್ ಪೆನ್‌ಡ್ರೈವನ್ನು ಕೊಡದೆ ಮುಷ್ಟಿಯಲ್ಲಿಟ್ಟುಕೊಂಡೇ ವಾಪಸ್ಸು ಬಂದಳು.

ಎಜೆ ಕಿಟಕಿಯ ಬಳಿ ಚಹಾ ಬಗ್ಗಿಸುತ್ತಿದ್ದರು. ಮೀರಿಮ್ ಬಾಗಿಲಲ್ಲೇ ನಿಂತು, ಕೊನೆಯ ಪುಟ ನೋಡಿದೆ, ನನ್ನ ಹೆಸರು ಸೇರಿಸಿ ಸಹಿ ಹಾಕಿಕೊಡಿ ಎಂದಳು. ಮೂರು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

“ಈಗ ಹೇಗೆ ಹಾಕ್ಲಿ ಹೇಳು? ಕೆಡಿಸಿದವಳ ಹೆಸರು ಯಾಕೆ ಅಂತ ಸಮಿತಿಯವರು ಕೇಳಲ್ವಾ?”

“ಕೆಡಿಸಿದ್ದು ನಾನಲ್ಲ, ಎಜೆ.”

“ಅದು ನಿನಗೂ ಗೊತ್ತು, ನನಗೂ ಗೊತ್ತು. ಅಷ್ಟು ಸಾಲದಾ ನಮ್ಮಿಬ್ಬರ ಮಧ್ಯೆ?”

“ಮೂರು ವಾರದ ಹಿಂದೆ ಏನೂ ಕೆಟ್ಟಿರಲಿಲ್ಲ.”

ಎಜೆ ಚಹಾದ ಪಾತ್ರೆಯ ಮುಚ್ಚಳವನ್ನು ಸರಿಮಾಡಿದರು, ಅದು ಸರಿಯಾಗಿಯೇ ಇದ್ದರೂ. ಆಮೇಲೆ ಕಿಟಕಿಯ ಕಡೆಗೇ ನೋಡುತ್ತ ಹೇಳಿದರು. ತಾನು ಕಲಿತ ಗುರುವಿನ ಹತ್ತಿರ ಹನ್ನೊಂದು ವರ್ಷ ದುಡಿದದ್ದು, ಪತ್ರಿಕೆಗಳೆಲ್ಲ ತನ್ನ ಅಕ್ಷರದಲ್ಲೇ ಅಚ್ಚಾದದ್ದು, ಒಂದು ಕಡೆಯೂ ತನ್ನ ಹೆಸರು ಬಾರದಿದ್ದದ್ದು. ಈ ಕೆಲಸದಲ್ಲಿ ಎಲ್ಲರೂ ಹೀಗೇ ಬರುವುದು, ಮುಂದಿನ ಪುಸ್ತಕಕ್ಕೆ ನೋಡೋಣ ಎಂದರು.

“ಹಾಗಾದ್ರೆ ಹೇಗಿರುತ್ತೆ ಅಂತ ನಿಮಗೆ ಗೊತ್ತಿತ್ತು,” ಎಂದಳು ಮೀರಿಮ್.

ಎಜೆ ಬಟ್ಟಲಿಗೆ ಚಹಾ ಬಗ್ಗಿಸಿದರು. ಸರಿಮಾಡಿದ ಫೈಲು ಎಲ್ಲಿ ಎಂದು ಕೇಳಿದರು, ಅಷ್ಟೆ.

ಅದು ಅವಳ ಪೆನ್‌ಡ್ರೈವಿನಲ್ಲಿ ಮಾತ್ರ ಇತ್ತು, ಕೊಡದೆ ಇರಬಹುದಿತ್ತು. ಎಜೆ ಒಂದು ವಾರ ತಿಣುಕಿದರೂ ಆರು ತೂಕಗಳನ್ನು ಮತ್ತೆ ಜೋಡಿಸುವುದು ಅವರಿಂದಾಗುತ್ತಿರಲಿಲ್ಲ. ಅಷ್ಟರಲ್ಲಿ ಪುಸ್ತಕ ಅಚ್ಚಿಗೆ ಹೋಗುವ ಶುಕ್ರವಾರ ದಾಟುತ್ತಿತ್ತು. ಮೀರಿಮ್ ತನ್ನ ಕುರ್ಚಿಯಲ್ಲಿ ಕೂತು ಅದನ್ನೇ ಯೋಚಿಸಿದಳು. ಆದರೆ ಯೋಚನೆ ಹೋಗಿ ಹೋಗಿ ಆರು ವರ್ಷದ ಯಾವುದೋ ಮಗುವಿನ ಮೇಲೆ ನಿಲ್ಲುತ್ತಿತ್ತು. ಅದು ಮಸಿ ಮೆತ್ತಿದ ‘ң’ ನೋಡಿ, ಅಕ್ಷರವೆಂದರೆ ಹೀಗೇ ಇರುವುದೆಂದುಕೊಂಡು ಪಾಟಿಯ ಮೇಲೆ ಹಾಗೇ ಗೀಚುತ್ತಿತ್ತು. ಕೊನೆಗೆ ಫೈಲನ್ನು ಕಚ್ಕಿನ್ ಬಾಯ್ಕೆಗೆ ಕಳಿಸಿದಳು. ಜೊತೆಗೆ ಒಂದು ಮಾತನ್ನೂ ಬರೆಯಲಿಲ್ಲ. ಕಪಾಟಿನಿಂದ ಮೂರು ವರ್ಷ ಅಕ್ಷರ ಬರೆದ ತನ್ನ ಪೆನ್ಸಿಲ್ ಹಾಳೆಗಳನ್ನೆಲ್ಲ ತೆಗೆದು ಚೀಲಕ್ಕೆ ತುಂಬತೊಡಗಿದಳು.

ಫೈಲು ಹೋದದ್ದನ್ನು ಪರದೆಯಲ್ಲಿ ನೋಡಿ ಎಜೆಯ ಉಸಿರು ಸಡಿಲವಾಯಿತು. ಹಾಳೆಗಳನ್ನು ಅವರು ಗಮನಿಸಲಿಲ್ಲ.

“ನೀನು ಚಿನ್ನದಂಥವಳು ಕಣೆ. ನಾಳೆ ಸ್ವಲ್ಪ ಬೇಗ ಬಾ, ಓರೆ ಅಕ್ಷರ ಶುರುಮಾಡೋಣ.”

“ನಾಳೆ ಬರಲ್ಲ, ಉಲ್ಕಾನ್ ಸದಿರೋವ್ನಾ.”

ಆ ಕೋಣೆಯಲ್ಲಿ ಅವರನ್ನು ಹಾಗೆ ಕರೆಯುತ್ತಿದ್ದವರು ಬ್ಯಾಂಕಿನವರು, ತೆರಿಗೆಯವರು, ಗುರುತಿಲ್ಲದ ಜನ. ಎಜೆ ತಿರುಗಿ ನೋಡಿದರು. ಆಗ ಅವರಿಗೆ ಖಾಲಿ ಕಪಾಟು ಕಾಣಿಸಿತು. ಮೀರಿಮ್ ಚೀಲವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಎರಡನೆಯ ಮಹಡಿಗೆ ಬಂದಾಗ ಮೇಲಿನಿಂದ ತನ್ನ ಹೆಸರು ಕೇಳಿಸಿತು, ಮತ್ತೊಂದು ಸಲವೂ ಕೇಳಿಸಿತು. ಕಾಲು ತಾನಾಗಿ ನಿಂತಿತು. ಅವಳು ಕಂಬಿ ಹಿಡಿದುಕೊಂಡು, ದನಿ ನಿಲ್ಲುವವರೆಗೂ ಕಾದು, ಆಮೇಲೆ ಇಳಿದಳು.