ಧೂಳಿಗೆ ಬೆಲ್ಲ ಮದ್ದಲ್ಲ

ದೋಹಾದಲ್ಲಿ ಕೆಮ್ಮಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೇಸಿಗೆಯಲ್ಲಿ ಮರಳುಗಾಳಿಯ ಮೇಲೆ, ಉಳಿದ ದಿನ ಎಸಿಯ ಮೇಲೆ ತಪ್ಪು ಹೊರಿಸಿ ಎಲ್ಲರೂ ಕೆಮ್ಮುತ್ತಾರೆ. ಹಾಗಾಗಿ ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲಾಟಿನಲ್ಲಿ ಗಂಡ ಅಣ್ಣು ಕೆಮ್ಮತೊಡಗಿದಾಗ ಭವ್ಯಶ್ರೀ ಮೊದಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಗಾಳಿ ನಿಂತರೂ ಕೆಮ್ಮು ನಿಲ್ಲಲಿಲ್ಲ. ಮೆಟ್ಟಿಲ ನಡುವೆ ಅಕ್ಕಿ ಚೀಲ ಕೆಳಗಿಟ್ಟು, ಫೋನ್ ನೋಡುವ ನೆಪದಲ್ಲಿ ಅವನು ಏದುಸಿರು ಬಿಡುವುದನ್ನು ಕಂಡ ದಿನ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಅಣ್ಣುವಿನ ಕೆಲಸ ಅಡುಗೆಮನೆಗೆ ಕಲ್ಲು ಕೂರಿಸುವುದು. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ ಕ್ವಾರ್ಟ್ಜ್ ಹಲಗೆಗಳು ವಿಯೆಟ್ನಾಮಿನಿಂದ ಹಡಗಿನಲ್ಲಿ ಬರುತ್ತವೆ. ವರ್ಕ್‌ಶಾಪಿನ ದೊಡ್ಡ ಯಂತ್ರದಲ್ಲಿ ನೀರು ಬಿಟ್ಟೇ ಅವನ್ನು ಕತ್ತರಿಸುತ್ತಾರೆ. ಸಿಂಕಿನ ತೂತು ಮಾತ್ರ ಗಿರಾಕಿಯ ಮನೆಯಲ್ಲೇ, ಗ್ರೈಂಡರ್ ಹಿಡಿದು, ಒಣದಾಗಿ. ನೀರು ಬಿದ್ದರೆ ಹೊಸ ಕಪಾಟು ಉಬ್ಬುತ್ತದಂತೆ. ಕಪಾಟಿನ ಮೇಲೆ ಅಷ್ಟು ಕಾಳಜಿ, ಕತ್ತರಿಸುವವನ ಎದೆಯ ಬಗ್ಗೆ ಕೇಳಿದವರೇ ಇಲ್ಲ.

ಅಣ್ಣುವಿಗೂ ಅದರ ಚಿಂತೆ ಇರಲಿಲ್ಲ. ಮೂಗಿಗೆ ಹೆಗಲ ಬಟ್ಟೆಯ ಒದ್ದೆ ಬೈರಾಸು, ಕೆಲಸ ಮುಗಿದ ಮೇಲೆ ಬಾಯಿಗೆ ಒಂದು ತುಂಡು ಬೆಲ್ಲ. ಅಷ್ಟಾದರೆ ಅವನ ಲೆಕ್ಕದಲ್ಲಿ ಎಲ್ಲವೂ ಸರಿ.

"ಬೆಲ್ಲ ಧೂಳನ್ನೆಲ್ಲ ಎಳ್ಕೊಂಡು ಹೋಗ್ತದೆ, ಉರ್ಸುಲಕ್ಕ. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದಿನಾ ತಿಂತಿದ್ರು," ಎನ್ನುತ್ತಿದ್ದ. ಉರ್ಸುಲಾ ಎದುರು ಫ್ಲಾಟಿನವರು, ಕ್ಲಿನಿಕ್ಕಿನಲ್ಲಿ ನರ್ಸ್, ಉಡುಪಿ ಕಡೆಯವರು.

"ಅಪ್ಪ ಯಾವ ಪ್ರಾಯಕ್ಕೆ ತೀರಿಹೋದ್ರು ಅಣ್ಣು?"

ಅಣ್ಣು ಇನ್ನೊಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡ.

"ಒಂದು ಎಕ್ಸ್‌ರೇ ಮಾಡಿಸಿ ಅಂತ ನಾನು ಹೇಳುದು."

"ಅದ್ರಲ್ಲಿ ಎಂತಾದ್ರೂ ಕಂಡ್ರೆ ಕಂಪನಿ ಊರಿಗೆ ಕಳಿಸ್ತದೆ. ಆಮೇಲೆ ನೀವು ಸಾಕ್ತೀರಾ?"

ಉರ್ಸುಲಾ ಎಷ್ಟು ಹೇಳಿದರೂ ಅಣ್ಣು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಅಣ್ಣು ಊಟಕ್ಕೆ ಮಿನ್ ಎಂಬ ವಿಯೆಟ್ನಾಮಿನವನನ್ನು ಕರೆತಂದ. ಆ ಹಲಗೆಗಳನ್ನು ಮಾಡುವ ಕಾರ್ಖಾನೆಯಲ್ಲಿ ಮೊದಲು ಕೆಲಸಕ್ಕಿದ್ದವನು, ಈಗ ಅಂಗಡಿ ಅಂಗಡಿಗೆ ಹೋಗಿ ಮಾಲು ತೋರಿಸುವವನು. ಉರ್ಸುಲಾರನ್ನೂ ಭವ್ಯಶ್ರೀ ಬೇಕೆಂದೇ ಕರೆದಿದ್ದಳು. ಊರಿನ ಪದ್ಧತಿಯಂತೆ ಅತಿಥಿಗೆ ಮೊದಲು ನೀರು, ಬೆಲ್ಲ ತಂದಿಟ್ಟಳು. ಅಣ್ಣು ತನ್ನ ಹರಕು ಇಂಗ್ಲಿಷಿನಲ್ಲಿ ಬೆಲ್ಲದ ಮಹಿಮೆಯನ್ನು ವಿವರಿಸಿದ.

ಮಿನ್ ನಗಲಿಲ್ಲ. ಅವನ ಇಂಗ್ಲಿಷೂ ಅಷ್ಟಕ್ಕಷ್ಟೇ. ಅವನು ಹೇಳಿದ್ದನ್ನು ಉರ್ಸುಲಾ ಕನ್ನಡದಲ್ಲಿ ಹೇಳಿದರು.

"ಅವರಲ್ಲಿ ಬೆಲ್ಲ ಅಲ್ವಂತೆ, ಹಂದಿಯ ರಕ್ತವಂತೆ. ಅದನ್ನು ತಿಂದ್ರೆ ಎದೆಯ ಧೂಳೆಲ್ಲ ಹೋಗ್ತದೆ ಅಂತ ಅವರ ಊರಲ್ಲಿ ಹಿರಿಯರು ಹೇಳ್ತಾರಂತೆ. ಇವನ ಅಣ್ಣ ಅದೇ ಕಾರ್ಖಾನೆಯಲ್ಲಿ ಒಣ ಕತ್ತರಿಸುವ ಜಾಗದಲ್ಲಿದ್ದ. ಬಟ್ಟಲು ಬಟ್ಟಲು ತಿಂದ. ಈಗ ಆಕ್ಸಿಜನ್ ಇಲ್ಲದೆ ಹಾಸಿಗೆಯಿಂದ ಬಾಗಿಲಿಗೆ ಬರ್ಲಿಕ್ಕೆ ಆಗುದಿಲ್ಲ. ಅದಾದ ಮೇಲೆ ಕಾರ್ಖಾನೆಯಲ್ಲಿ ಎಲ್ಲ ಕಡೆ ನೀರಿನ ಪೈಪ್ ಹಾಕಿದ್ರಂತೆ."

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಣ್ಣು ಕೈಯಲ್ಲಿದ್ದ ಬೆಲ್ಲವನ್ನು ತಿರುಗಿ ತಟ್ಟೆಯಲ್ಲಿಟ್ಟ. ಹಂದಿಯ ರಕ್ತ ಎದೆ ತೊಳೆಯುತ್ತದೆ ಎಂದರೆ ಅವನು ಬಿದ್ದು ಬಿದ್ದು ನಗುವವನೇ. ಆದರೆ ಮಿನ್‌ಗೆ ಬೆಲ್ಲವೂ ಹಾಗೇ ಕಂಡಿರಬೇಕಲ್ಲ.

"ಬೆಲ್ಲ ಆಗ್ಲಿ, ರಕ್ತ ಆಗ್ಲಿ, ಹೋಗುದು ಹೊಟ್ಟೆಗೆ. ಉಸಿರಿನ ದಾರಿಯೇ ಬೇರೆ," ಎಂದರು ಉರ್ಸುಲಾ. "ಈ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣ. ಬೈರಾಸಿನ ನೂಲಿನ ನಡುವೆ ಸಲೀಸಾಗಿ ನುಗ್ತದೆ. ಒಳಗೆ ಕೂತು ಶ್ವಾಸಕೋಶವನ್ನೇ ಗಟ್ಟಿ ಮಾಡ್ತದೆ. ಆದ ಹಾನಿಯನ್ನು ಸರಿ ಮಾಡುವ ಮದ್ದಿಲ್ಲ. ಧೂಳನ್ನು ಬೇಗ ನಿಲ್ಲಿಸಿದ್ರೆ ಉಳಿದದ್ದನ್ನಾದ್ರೂ ಉಳಿಸ್ಬಹುದು."

"ನಾಳೆ ಎಕ್ಸ್‌ರೇ," ಎಂದಳು ಭವ್ಯಶ್ರೀ.

"ಕೆಲಸ ಹೋದ್ರೆ?"

"ಹೋಗ್ಲಿ. ಉಸಿರಾಡುವ ಗಂಡನ ಜೊತೆ ನಾನು ವಿಮಾನ ಹತ್ತುತ್ತೇನೆ. ಹೆಣದ ಪೆಟ್ಟಿಗೆಯ ಜೊತೆ ಹತ್ತುದಿಲ್ಲ."

ಎಕ್ಸ್‌ರೇಯಲ್ಲಿ ಕಲೆಗಳಿದ್ದವು. ಇವು ಮಾಯುವುದಿಲ್ಲ, ಧೂಳು ನಿಲ್ಲದಿದ್ದರೆ ಹೆಚ್ಚುತ್ತವೆ ಎಂದರು ಡಾಕ್ಟರು. ಹೊರಗೆ ಬಂದ ಅಣ್ಣು ಮನೆಗೆ ಹೋಗದೆ ನೇರ ವರ್ಕ್‌ಶಾಪಿಗೆ ನಡೆದ. ಭವ್ಯಶ್ರೀಯೂ ಜೊತೆಗೆ ಹೋದಳು, ದಾರಿಯಲ್ಲಿ ಅವನ ಮನಸ್ಸು ಬದಲಾಗಬಾರದಲ್ಲ.

ಮಾಲೀಕ ಜಾಬಿರ್ ಮಂಗಳೂರಿನವರೇ. ಇನ್ನು ಒಣ ಕತ್ತರಿಸುವುದಿಲ್ಲ ಎಂದು ಅಣ್ಣು ಹೇಳಿದ್ದಕ್ಕೆ ಅವರು ಹುಬ್ಬು ಗಂಟಿಕ್ಕಿದರು. "ಅಲ್ ವುಕೈರ್‌ನ ಮನೆಗಳ ಕೆಲಸ ಈ ವಾರ ಖಲಾಸ್ ಆಗ್ಬೇಕು ಅಣ್ಣು. ಈಗ ಇದೆಂತ ಹೊಸ ಕಥೆ?"

"ಆಗ್ತದೆ, ಜಾಬಿರಾಕ. ಸಿಂಕಿನ ಅಳತೆ ಮೊದಲೇ ತಂದು ತೂತು ಇಲ್ಲೇ ನೀರಲ್ಲಿ ಕತ್ತರಿಸುವ. ಅಲ್ಲಿ ಕೂರಿಸುದು ಮಾತ್ರ."

"ಸರಿ ಬರದಿದ್ರೆ?"

"ವಾಪಸ್ ತರುವ. ಒಣ ಕತ್ತರಿಸುದು ಇನ್ನು ಮಾಫಿ, ಇಲ್ಲವೇ ಇಲ್ಲ. ನನಗೂ ಮಾಫಿ, ಇಲ್ಲಿರುವ ಯಾರಿಗೂ ಮಾಫಿ."

ಜಾಬಿರ್ ಗೊಣಗಿದರು. ಆಗ ಭವ್ಯಶ್ರೀ ಅವರ ಮೇಜಿನ ಮೇಲೆ ಬೆರಳೆಳೆದು ಬಿಳಿಯಾದ ಬೆರಳನ್ನು ತೋರಿಸಿದಳು. "ನೀವು ಗ್ರೈಂಡರ್ ಹಿಡಿದವರಲ್ಲ. ಆದ್ರೂ ಇಲ್ಲಿ ಕೂತು ಇದನ್ನೇ ಉಸಿರಾಡುದಲ್ವಾ?"

ಜಾಬಿರ್ ಬೆರಳನ್ನೂ ನೋಡಿದರು, ಮೇಜನ್ನೂ ನೋಡಿದರು. ಆ ವಾರವೇ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕುಗಳು ಬಂದವು. ಎಲ್ಲರ ಎಕ್ಸ್‌ರೇ ಆಯಿತು, ಜಾಬಿರರದ್ದೂ. ಅಣ್ಣು ಈಗ ಅಳತೆ ತೆಗೆಯುವ ಕೆಲಸದಲ್ಲಿದ್ದಾನೆ. ಕೆಮ್ಮು ಪೂರ್ತಿ ಹೋಗಿಲ್ಲ, ಹೆಚ್ಚಿಯೂ ಇಲ್ಲ.

ಕಲ್ಲು, ಟೈಲ್ಸ್, ಕಾಂಕ್ರೀಟ್ ಕತ್ತರಿಸುವ ಅಣ್ಣತಮ್ಮಂದಿರೇ, ನೀರು ಬಿಟ್ಟೇ ಕತ್ತರಿಸಿ. ಬೈರಾಸು ನಂಬಬೇಡಿ, ಧೂಳು ತಡೆಯುವ ಸರಿಯಾದ ಮಾಸ್ಕನ್ನು ಕೇಳಿ ಪಡೆಯಿರಿ. ಒಣ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಮಾಡಿ ಒರೆಸಿ. ಕೆಮ್ಮನ್ನು ಬಚ್ಚಿಡಬೇಡಿ, ಡಾಕ್ಟರಿಗೆ ನಿಮ್ಮ ಕೆಲಸ ಏನೆಂದು ಬಾಯಿಬಿಟ್ಟು ಹೇಳಿ. ಮನೆ ಕಟ್ಟಿಸುವವರೇ, ನಿಮ್ಮ ಅಡುಗೆಮನೆಯಲ್ಲಿ ಒಣ ಕತ್ತರಿಸಲು ಬಿಡಬೇಡಿ.

ಇದನ್ನು ಓದಿದವರು ಈಗಲೇ ಆ ಕೆಲಸದಲ್ಲಿರುವ ನಿಮ್ಮವರೊಬ್ಬರಿಗೆ ಫೋನ್ ಮಾಡಿ, "ನೀರು ಬಿಡ್ತೀರಲ್ವಾ?" ಎಂದು ಕೇಳಿ. ಮಿನ್‌ನ ಅಣ್ಣನನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲ.